ರೆಕ್ಕೆ ಸೋತ ಮೇಲೂ ಹಾರುವ ವಿಮಾನ

ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಉದ್ಯಾವರದ ಹತ್ತಿರದ ನಮ್ಮ ಬೈಲಿನಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಸದ್ದು ಏಳುತ್ತದೆ. ಜೇನುಹುಳದ ಸದ್ದಿಗಿಂತ ಸ್ವಲ್ಪ ದಪ್ಪ. ಕೂಳೆ ಉಳಿದ ಗದ್ದೆಯ ಮೇಲೆ, ಎದೆಯೆತ್ತರದಲ್ಲಿ, ಒಂದು ಕೆಂಪು ಫೋಮ್ ವಿಮಾನ ಮೂತಿ ಮೇಲೆ ಮಾಡಿ, ಬಾಲ ಇಳಿಬಿಟ್ಟು ನಿಂತಿರುತ್ತದೆ. ಮುಂದೆ ಹೋಗುವುದಿಲ್ಲ. ಬೀಳುವುದೂ ಇಲ್ಲ. ಮೊದಲ ಸಲ ನೋಡಿದಾಗ ನಾನು "ಬಿತ್ತು!" ಎಂದು ಕೂಗಿಬಿಟ್ಟೆ. ರಿಮೋಟ್ ಹಿಡಿದಿದ್ದ ಅಳಿಯ ವಿಮಾನದಿಂದ ಕಣ್ಣು ತೆಗೆಯದೆ ಹೇಳಿದ: "ಬೀಳುದಲ್ಲ ಮಾಮ, ನಿಲ್ಲಿಸಿದ್ದು."

ಹವ್ಯಾಸಿಗಳು ಇದನ್ನು ಹೋವರ್ ಅನ್ನುತ್ತಾರೆ. ರಿಮೋಟ್ ವಿಮಾನದ ಕಸರತ್ತುಗಳಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಇದೇ. ವೇಗವಾಗಿ ಸುತ್ತುವ ಆಟಗಳು ಕಣ್ಣಿಗೆ ಹಬ್ಬ, ನಿಜ. ಆದರೆ ವಿಮಾನವನ್ನು ನಿಧಾನ ಮಾಡುವುದು ಜಾಸ್ತಿ ಕಷ್ಟ.

ಯಾಕೆ ಅಂತ ನೋಡೋಣ. ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲೆ ಎತ್ತುತ್ತದೆ. ವೇಗ ತಗ್ಗಿದರೆ ಎತ್ತುವ ಬಲವೂ ತಗ್ಗುತ್ತದೆ, ಅದನ್ನು ಸರಿದೂಗಿಸಲು ಮೂತಿ ಎತ್ತಬೇಕು. ಮೂತಿ ಎತ್ತಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಎದುರು ಬರುವ ಗಾಳಿಗೆ ರೆಕ್ಕೆ ಸುಮಾರು 15 ಡಿಗ್ರಿಗಿಂತ ಹೆಚ್ಚು ವಾಲಿದರೆ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಪ್ರಯಾಣಿಕರ ವಿಮಾನದಲ್ಲಿ ಇದು ದೊಡ್ಡ ಅಪಾಯ.

ಆಕಾಶದಲ್ಲಿ ಮೇಲಿಂದ ಕೆಳಗೆ ಪೂರ್ತಿ ಒಂದು ಸುತ್ತು ಹಾಕುವ ಲೂಪ್‌ನಲ್ಲಿ ರೆಕ್ಕೆ ಸೋಲಬೇಕಾಗಿಲ್ಲ. 1913ರಲ್ಲಿ ಕೀವ್ ನಗರದ ಮೇಲೆ ರಷ್ಯಾ ಸೇನೆಯ ಪೈಲಟ್ ಪ್ಯೋತರ್ ನೆಸ್ತೆರೋವ್ ಮೊದಲ ಲೂಪ್ ಹಾಕಿದಾಗ ಅದು ಜೀವ ಪಣಕ್ಕಿಟ್ಟ ಸಾಹಸ. ಇವತ್ತು ಮಾಡೆಲ್ ವಿಮಾನ ಕಲಿಯುವವರು ಬೇಗನೆ ಕಲಿತುಬಿಡುತ್ತಾರೆ. ಹೋವರ್ ಹಾಗಲ್ಲ. ಅಲ್ಲಿ ರೆಕ್ಕೆ ವಿಮಾನವನ್ನು ಎತ್ತುವ ಕೆಲಸವನ್ನೇ ಬಿಟ್ಟಿರುತ್ತದೆ. ಪೂರ್ತಿ ಭಾರ ಪ್ರೊಪೆಲ್ಲರ್ ಮೇಲೆ.

ಅಳಿಯನ ವಿಮಾನದ ತೂಕ ಸುಮಾರು 1 ಕಿಲೋ. ಹಾಗಾದರೆ ಪ್ರೊಪೆಲ್ಲರ್ 1 ಕಿಲೋ ಎತ್ತುವಷ್ಟು ಎಳೆಯಬೇಕು. ಮೇಲೆ ಜಿಗಿದು ತಪ್ಪಿಸಿಕೊಳ್ಳಲು ಅದಕ್ಕಿಂತ ಸಾಕಷ್ಟು ಹೆಚ್ಚಿನ ಬಲ ಕೈಯಲ್ಲಿರಬೇಕು. ಇಂದಿನ ಹಗುರವಾದ, ಬಲಶಾಲಿ ಬ್ರಶ್‌ಲೆಸ್ ಮೋಟಾರ್, ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಇದನ್ನು ಸುಲಭ ಮಾಡಿವೆ. ಇನ್ನೊಂದು ಪ್ರಶ್ನೆ ಉಳಿಯುತ್ತದೆ. ನಿಂತ ವಿಮಾನವನ್ನು ತಿರುಗಿಸುವುದು ಹೇಗೆ? ಬಾಲದಲ್ಲಿರುವ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಹಲಗೆ), ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಹಲಗೆ) ಕೆಲಸ ಮಾಡಲು ಅವುಗಳ ಮೇಲೆ ಗಾಳಿ ಹರಿಯಬೇಕು, ಅಲ್ವಾ? ನಾನು ಲೆಕ್ಕ ಹಾಕಿ ನೋಡಿದೆ. 13 ಅಂಗುಲದ ಪ್ರೊಪೆಲ್ಲರ್ 1 ಕಿಲೋ ಭಾರ ಹೊರಬೇಕಾದರೆ ಹಿಂದಕ್ಕೆ ಗಂಟೆಗೆ ಸುಮಾರು 50 ಕಿ.ಮೀ. ವೇಗದ ಗಾಳಿ ಬಿಡಬೇಕು. ವಿಮಾನ ನಿಂತಿದ್ದರೂ ಅದರ ಬಾಲ 50ರ ವೇಗದಲ್ಲಿ ಹಾರುತ್ತಲೇ ಇರುತ್ತದೆ! ಈ ಕಸರತ್ತಿನ ವಿಮಾನಗಳ ರಡ್ಡರ್ ಅಷ್ಟು ಅಗಲ ಇರುವುದು ಈ ಗಾಳಿಯನ್ನು ಹಿಡಿಯಲಿಕ್ಕೇ.

ಇನ್ನು ತಿರುಗುವ ಕಾಟ. ಪ್ರೊಪೆಲ್ಲರ್ ಒಂದು ಕಡೆ ಸುತ್ತಿದರೆ ವಿಮಾನದ ಮೈ ಅದರ ವಿರುದ್ಧ ದಿಕ್ಕಿಗೆ ಸುತ್ತಲು ನೋಡುತ್ತದೆ. ಅದನ್ನು ತಡೆಯದೆ ಬಿಟ್ಟರೆ ನಿಂತಲ್ಲೇ ಬುಗುರಿಯಂತೆ ನಿಧಾನ ತಿರುಗುತ್ತದೆ. ಇದಕ್ಕೆ ಟಾರ್ಕ್ ರೋಲ್ ಎಂದು ಹೆಸರು. ನೋಡಲು ಸಲೀಸು, ಮಾಡುವವರ ಬೆರಳಿಗೆ ಪರೀಕ್ಷೆ. ವಿಮಾನದ ಬೆನ್ನು ನಮ್ಮ ಕಡೆ ಇದ್ದಾಗ ಅದರ ಎಡ ನಮ್ಮ ಎಡವೇ. ಅರ್ಧ ಸುತ್ತು ತಿರುಗಿ ಹೊಟ್ಟೆ ನಮ್ಮ ಕಡೆ ಬಂತೋ, ಎಡಬಲ ಅದಲುಬದಲು. ಆಗ ಮೂತಿ ಯಾವ ಕಡೆ ವಾಲುತ್ತದೋ ಅದೇ ಕಡೆಗೆ ರಿಮೋಟಿನ ರಡ್ಡರ್ ಸ್ಟಿಕ್ ತಳ್ಳಬೇಕು. ಯೋಚಿಸಿ ತಳ್ಳುವಷ್ಟು ಸಮಯ ಇರುವುದಿಲ್ಲ. ಬೆರಳಿಗೇ ಗೊತ್ತಿರಬೇಕು. ಹುಡುಗರು ಮಳೆಗಾಲ ಪೂರ್ತಿ ಕಂಪ್ಯೂಟರಿನ ಸಿಮ್ಯುಲೇಟರ್ ಮುಂದೆ ಕೂರುವುದು ಸುಮ್ನೆ ಅಲ್ಲ.

ನೈಫ್ ಎಡ್ಜ್ ಎಂಬ ಇನ್ನೊಂದು ಆಟದಲ್ಲಿ ವಿಮಾನ ಒಂದು ರೆಕ್ಕೆ ನೆಲಕ್ಕೆ, ಇನ್ನೊಂದು ಆಕಾಶಕ್ಕೆ ಮಾಡಿ ಹಾರುತ್ತದೆ. ಆಗ ಒಡಲಿನ ಪಕ್ಕೆಯೇ ರೆಕ್ಕೆಯಾಗುತ್ತದೆ, ರಡ್ಡರ್ ಮೂತಿ ಎತ್ತಿ ಹಿಡಿಯುತ್ತದೆ.

ವಾಯುಪಡೆಯ ಕಸರತ್ತಿನ ತಂಡವಾದ ಬೀದರ್‌ನ ಸೂರ್ಯಕಿರಣದ ಪೈಲಟ್‌ಗಳು ಮಾಡಲಾಗದ್ದನ್ನು ಈ ಫೋಮ್ ತುಂಡು ಮಾಡುತ್ತದೆ ಎಂದರೆ ಅದು ಅವರ ಕೌಶಲಕ್ಕೆ ಕುಂದಲ್ಲ. ಇಲ್ಲಿರುವುದು ಗಾತ್ರದ ಗಣಿತ. ಒಂದೇ ಸಾಮಗ್ರಿಯಿಂದ ಮಾಡಿದ ವಿಮಾನವನ್ನು ಎಲ್ಲ ಅಳತೆಯಲ್ಲೂ ಅರ್ಧ ಮಾಡಿದರೆ ರೆಕ್ಕೆಯ ವಿಸ್ತಾರ ಕಾಲು ಭಾಗಕ್ಕೆ ಇಳಿಯುತ್ತದೆ, ತೂಕ ಎಂಟರಲ್ಲೊಂದು ಭಾಗಕ್ಕೆ. ರೆಕ್ಕೆಯ ಪ್ರತಿ ಚದರ ಅಂಗುಲ ಹೊರುವ ಭಾರ ಅರ್ಧವಾಯಿತು. ತಿರುಗಲು ಒಡ್ಡುವ ಪ್ರತಿರೋಧವಂತೂ 32ರಲ್ಲಿ ಒಂದು ಭಾಗ. ಹಾಗಾಗಿ ಪುಟ್ಟ ವಿಮಾನ ತೆಂಕುತಿಟ್ಟು ಯಕ್ಷಗಾನದ ಪುಂಡುವೇಷದ ಧೀಂಗಿಣದಂತೆ ಗಿರ್ರನೆ ಸುತ್ತಿ, ಬೇಕಾದಲ್ಲಿ ಥಟ್ಟನೆ ನಿಲ್ಲುತ್ತದೆ. ಒಳಗೆ ಮನುಷ್ಯನೂ ಇಲ್ಲ. ತರಬೇತಾದ ಯುದ್ಧ ಪೈಲಟ್ ಕೂಡ ವಿಶೇಷ ಉಡುಪು ತೊಟ್ಟು ತಾಳುವುದು ತನ್ನ ತೂಕದ ಸುಮಾರು 9 ಪಟ್ಟು ಭಾರ. ಫೋಮ್‌ಗೆ ತಲೆ ಸುತ್ತುವುದಿಲ್ಲ.

ಆದರೆ ಹಗುರವಾದದ್ದಕ್ಕೆ ಗಾಳಿಯೇ ಶತ್ರು. ನಮ್ಮ ಕರಾವಳಿಯಲ್ಲಿ ಬಿಸಿಲೇರಿದಂತೆ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಅದರ ಜೋರು ಹೆಚ್ಚು. ಹೋದ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಹಾರಿಸೋಣ ಎಂದವನು ನಾನೇ. ಹೋವರ್‌ನಲ್ಲಿದ್ದ ವಿಮಾನದ ಬೆನ್ನು ಪಡುವಣಕ್ಕೆ ತಿರುಗಿತ್ತು. ಇಡೀ ರೆಕ್ಕೆ ದೋಣಿಯ ಹಾಯಿಯಂತೆ ಗಾಳಿ ಹಿಡಿಯಿತು. ಅಳಿಯ ಥ್ರಾಟಲ್ ಕೊಡುವಷ್ಟರಲ್ಲಿ ವಿಮಾನ ತೆಂಗಿನ ಸೋಗೆಯಲ್ಲಿ ಸಿಕ್ಕಿತ್ತು. ಒಂದು ಸರ್ವೊ (ರಡ್ಡರಿನಂಥ ಹಲಗೆಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರ್) ಹೋಯಿತು, ರೆಕ್ಕೆ ಸೀಳಿತು. ಅವನು ಒಂದು ಮಾತೂ ಆಡಲಿಲ್ಲ. ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ರೆಕ್ಕೆಯ ತುದಿಯನ್ನು ಗಾಳಿಯ ಕಡೆಗೆ ಇಟ್ಟುಕೊಂಡಿದ್ದರೆ ಒಡಲಿನ ಸಪೂರ ಪಕ್ಕೆಗೆ ಮಾತ್ರ ಗಾಳಿ ತಾಗುತ್ತಿತ್ತು.

ಅಂದಿನಿಂದ ನಮ್ಮದು ಬೆಳಗಿನ ಹಾರಾಟ ಮಾತ್ರ, ಅದೂ ಜನ ಇಲ್ಲದ ಗದ್ದೆಯಲ್ಲಿ. ಬಜಪೆ ಕಡೆಯವರು ಇನ್ನೂ ಎಚ್ಚರ ಇರಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಸೀಳಿದ ರೆಕ್ಕೆಯನ್ನು ಅಂಟು ಹಾಕಿ ಕೂಡಿಸಿದ್ದೇವೆ. ಮೊನ್ನೆ ಭಾನುವಾರ ಹೊಳೆಯ ಕಡೆಯಿಂದ ಮಂಜು ಇನ್ನೂ ಎದ್ದಿರಲಿಲ್ಲ. ವಿಮಾನ ಸೊಂಟದೆತ್ತರಕ್ಕೆ ಇಳಿದು ನಿಂತಿತು. ಮೆಲ್ಲ ತಿರುಗಿತು. ಹೊಟ್ಟೆ ನಮ್ಮ ಕಡೆ ಬಂದಾಗ ಮೂತಿ ಒಮ್ಮೆ ಬಲಕ್ಕೆ ವಾಲಿತು, ಅಳಿಯನ ಬೆರಳು ಬಲಕ್ಕೇ ಹೋಯಿತು. ಮೂತಿ ನೇರವಾಯಿತು. ಮತ್ತೆ ಬೆನ್ನು ಕಾಣಿಸಿತು. ಒಂದು ಪೂರ್ತಿ ಸುತ್ತು. ರಡ್ಡರಿನ ತುದಿಗೆ ಕೂಳೆಯ ಇಬ್ಬನಿ ತಾಗಿತ್ತು.