ಟೆಂಟಿನ ಕೊನೆಯ ಸಾಲಿನವರೆಗೂ ನಗಿಸಿದವರು

ಸಾಗರದ ಕಡೆಯ ನಮ್ಮೂರಿಗೆ ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ಸಾಲ ವಸೂಲಿಯವರೊಬ್ಬರು ಬರುತ್ತಿದ್ದರು. ಅವರ ಸೈಕಲ್ ದಣಪೆ ದಾಟಿದರೆ ಸಾಕು, ಅಜ್ಜಿ ಒಳಗಿಂದಲೇ 'ಬಂದ ನೋಡು ನಕ್ಷತ್ರಿಕ' ಅನ್ನುತ್ತಿದ್ದರು. ಹರಿಶ್ಚಂದ್ರನ ಬೆನ್ನು ಬಿಡದೆ ಬಾಕಿ ಕೇಳುವವನ ಹೆಸರು ಅದು. ಮಾತು ಹಳೆಯದು. ಆದರೆ ಅಜ್ಜಿಯ ಮನಸ್ಸಲ್ಲಿದ್ದ ಮುಖ 1965ರ 'ಸತ್ಯ ಹರಿಶ್ಚಂದ್ರ' ಚಿತ್ರದ್ದು. ಸಣಕಲು ಮೈ, ಉಬ್ಬು ಹಲ್ಲು. ಹಾಸ್ಯನಟ ನರಸಿಂಹರಾಜು!

ಅವರು ಹುಟ್ಟಿದ್ದು 1923ರಲ್ಲಿ, ತಿಪಟೂರಿನಲ್ಲಿ. ಶಾಲೆಗೆ ಹೋಗುವ ವಯಸ್ಸಿಗೆ ಮೊದಲೇ ನಾಟಕ ಕಂಪನಿ ಸೇರಿ ಬಾಲಪಾತ್ರ ಮಾಡಿದರು. ದೊಡ್ಡವರಾದ ಮೇಲೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ.

ಅವರ ನಗುವಿನ ಗುಟ್ಟು ಇರುವುದು ಇಲ್ಲೇ. ಪರದೆಯ ಹಿಂದೆ ಅರಮನೆ ಕಿತ್ತು ಕಾಡು ನಿಲ್ಲಿಸುವಷ್ಟು ಹೊತ್ತು, ಮುಂದೆ ಜನರನ್ನು ಕೂರಿಸಿಕೊಳ್ಳಬೇಕಾದವನು ಹಾಸ್ಯಗಾರ. ಮಾತು ನೆಲದ ಟಿಕೆಟ್‌ನ ಕೊನೆಯ ಸಾಲಿಗೂ ಮುಟ್ಟಬೇಕು. ಮಲೆನಾಡಿನಲ್ಲಂತೂ ಟೆಂಟು ಹಾಕಲು ಸಿಗುತ್ತಿದ್ದುದೇ ಅಡಿಕೆ ದುಡ್ಡು ಕೈಗೆ ಬಂದಲ್ಲಿಂದ ಮಳೆ ಹಿಡಿಯುವವರೆಗೆ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಿ ಇವತ್ತಿಗೂ ಕಂಪನಿ ನಾಟಕ ಇರುತ್ತದೆ. ಹಾಸ್ಯಗಾರ ಸಪ್ಪೆಯಾದರೆ ಜನ ಎದ್ದು ಮಂಡಕ್ಕಿ ಅಂಗಡಿ ಕಡೆ ನಡೆಯುತ್ತಾರೆ. ಅದಕ್ಕಿಂತ ಖಡಕ್ಕಾದ ವಿಮರ್ಶೆ ಬೇಕಾ?

1954ರ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿ ಮಾಡಿತು, ನರಸಿಂಹರಾಜು ಅವರನ್ನೂ ಬೆಳಕಿಗೆ ತಂದಿತು. ಅದರ ಹಿಂದಿದ್ದದ್ದೂ ಗುಬ್ಬಿ ವೀರಣ್ಣನವರೇ. ಆಗ ಕನ್ನಡ ಚಿತ್ರಗಳು ಜಾಸ್ತಿ ತಯಾರಾಗುತ್ತಿದ್ದುದು ಮದ್ರಾಸಿನಲ್ಲಿ. ಕೆಲಸ ಕಡಿಮೆಯಾದಾಗ ಈ ಇಬ್ಬರು, ಬಾಲಕೃಷ್ಣ ಮತ್ತು ಜಿ.ವಿ. ಅಯ್ಯರ್ ಜೊತೆ ಸೇರಿ ಊರೂರಲ್ಲಿ ನಾಟಕ ಆಡಿದರು. ಆಮೇಲೆ ಕೈಗೂಡಿಸಿ ತೆಗೆದದ್ದೇ 1960ರ 'ರಣಧೀರ ಕಂಠೀರವ'. ನಗಿಸುವವರು ಅಂದರೆ ಸುಮ್ನೆ ಬಂದು ಹೋಗುವವರು ಅಂತ ಅಂದುಕೊಳ್ಳುತ್ತೇವಲ್ವಾ? ಇವರು ದುಡ್ಡಿನ ಭಾರಕ್ಕೂ ಹೆಗಲು ಕೊಟ್ಟಿದ್ದರು.

ಆಮೇಲೆ ಕಾಲ ಬದಲಾಯಿತು. ನಾಯಕನೇ ತಮಾಷೆ ಮಾಡತೊಡಗಿದ. ಹಾಸ್ಯಕ್ಕೆಂದೇ ಇಟ್ಟಿದ್ದ ಬೇರೆ ಕತೆ ಸಣ್ಣದಾಯಿತು. ನರಸಿಂಹರಾಜು 1979ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಅರವತ್ತು ಆಗಿರಲಿಲ್ಲ.

ಒಂದು ಸಲ ಅಜ್ಜಿಯ ಮಾತು ವಸೂಲಿಯವರ ಕಿವಿಗೂ ಬಿತ್ತು. ನಮಗೆಲ್ಲ ಎದೆ ಧಸಕ್ಕೆಂದಿತು. ಅವರು ಜಗಲಿ ಮೇಲೆ ಕೂತು, ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಅಂದರು: 'ಆ ಪಿಕ್ಚರ್ ನಾನೂ ನೋಡಿದೀನಿ ಅಮ್ಮ. ಬಾಕಿ ಕೊಡಿ.'