ದೇವನಹಳ್ಳಿಯ 1,777 ಎಕರೆ: ನೋಟಿಸ್‌ನಿಂದ ವಾಪಸಾತಿವರೆಗೆ

ದೇವನಹಳ್ಳಿ ಜಮೀನು ಉಳೀತಾ, ಇಲ್ವಾ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಗಾಗಿ ಮೊದಲಿಂದ ನೋಡೋಣ.

ಮೊದಲು ವಿಮಾನ ನಿಲ್ದಾಣಕ್ಕೆ ಭೂಮಿ ಹೋಯಿತು, 2008ರಲ್ಲಿ ವಿಮಾನ ಹಾರಿತು, ಆಮೇಲೆ ಏರೋಸ್ಪೇಸ್ ಪಾರ್ಕ್ ಅಂತ ಇನ್ನಷ್ಟು ಹೋಯಿತು. 2022ರ ಆರಂಭದಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಿಗೆ ಕೆಐಎಡಿಬಿಯಿಂದ, ಅಂದರೆ ಕೈಗಾರಿಕೆಗೆ ಭೂಮಿ ಸ್ವಾಧೀನ ಮಾಡುವ ರಾಜ್ಯ ಸರ್ಕಾರದ ಮಂಡಳಿಯಿಂದ, ಮತ್ತೆ ಭೂಸ್ವಾಧೀನದ ನೋಟಿಸ್ ಬಂತು. ಒಟ್ಟು 1,777 ಎಕರೆ. ದ್ರಾಕ್ಷಿ, ರಾಗಿ, ತರಕಾರಿ ಬೆಳೆಯುವ, ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಊರುಗಳು ಇವು.

ಇಲ್ಲಿ ಕಾನೂನು ಸ್ವಲ್ಪ ನೋಡಬೇಕು. ಖಾಸಗಿ ಕಂಪನಿಗೆ ಭೂಮಿ ಕೊಡಿಸಲು 2013ರ ಕೇಂದ್ರ ಕಾಯ್ದೆ ಶೇ 80ರಷ್ಟು ಮಾಲೀಕರ ಒಪ್ಪಿಗೆ ಕೇಳುತ್ತದೆ. ಕೆಐಎಡಿಬಿ ನಡೆಯೋದು 1966ರ ರಾಜ್ಯ ಕಾಯ್ದೆಯಲ್ಲಿ, ಅದರಲ್ಲಿ ಈ ತಾಪತ್ರಯವೇ ಇಲ್ಲ. ಸೆಕ್ಷನ್ 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ, 28(4)ರಲ್ಲಿ ಅಂತಿಮ ಅಧಿಸೂಚನೆ. ಅಷ್ಟರಲ್ಲಿ ಪಹಣಿಯ 11ನೇ ಕಾಲಂನಲ್ಲಿ ಮಂಡಳಿಯ ಹೆಸರು ಬಂದು ಕೂತರೆ ಜಮೀನು ನಿಮ್ಮದೇ ಆದರೂ ಬ್ಯಾಂಕಿನಲ್ಲಿ ಸಾಲ ಹುಟ್ಟೋದು ಕಷ್ಟ. ಒಪ್ಪದವರನ್ನು ಒಪ್ಪಿಸಲು ಇದಕ್ಕಿಂತ ಸುಲಭದ ದಾರಿ ಬೇಕಾ?

2022ರ ಏಪ್ರಿಲ್ 4ರಂದು ಚನ್ನರಾಯಪಟ್ಟಣದಲ್ಲಿ ಧರಣಿ ಶುರುವಾಯಿತು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಬಂದು ಬೆಂಬಲದ ಮಾತಾಡಿದರು. ಮುಂದಿನ ವರ್ಷ ಅವರೇ ಮುಖ್ಯಮಂತ್ರಿಯಾದರು. ಟೆಂಟ್ ಮಾತ್ರ ಏಳಲಿಲ್ಲ, ಯಾಕಂದ್ರೆ ಭೂಸ್ವಾಧೀನ ಪ್ರಕ್ರಿಯೆಯೂ ನಿಲ್ಲಲಿಲ್ಲ. ಧರಣಿಯಲ್ಲಿ ಹೇಳಿದ ಆ ಮಾತನ್ನು ರೈತರು ಮರೆಯಲೇ ಇಲ್ಲ, ಪ್ರತಿ ಭಾಷಣದಲ್ಲೂ ಅದೇ ಎತ್ತಿದರು. ನನ್ನ ಪ್ರಕಾರ ಆಮೇಲೆ ಜಾಸ್ತಿ ಕೆಲಸ ಮಾಡಿದ್ದು ಅದೇ. ಕೋರ್ಟಿಗೆ ವಾದ ಮಾಡಿ ಉತ್ತರ ಕೊಡಬಹುದು, ತಾವೇ ಆಡಿದ ಮಾತಿಗೆ ಏನಂತ ಉತ್ತರ ಕೊಡೋದು?

2025ರ ಜೂನ್‌ನಲ್ಲಿ ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದು ಬೇಕು ಅಂತ ಸರ್ಕಾರ ಹೇಳಿತು. ಈ ಥರ ಅರ್ಧಂಬರ್ಧ ಬಿಟ್ಟರೆ ಸಾಮಾನ್ಯವಾಗಿ ಹಳ್ಳಿಗಳೇ ಒಡೆದುಹೋಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಜೂನ್ 25ರ ‘ದೇವನಹಳ್ಳಿ ಚಲೋ’ಗೆ ರೈತ, ದಲಿತ, ಕಾರ್ಮಿಕ ಸಂಘಟನೆಗಳು ಒಟ್ಟಿಗೆ ಬಂದವು. ಪೊಲೀಸರು ಹೆಂಗಸರು, ವಯಸ್ಸಾದವರು ಅಂತ ನೋಡದೆ ವಶಕ್ಕೆ ತೆಗೆದುಕೊಂಡರು, ಅದು ಟಿವಿಯಲ್ಲಿ ಬಂತು, ಅಲ್ಲಿವರೆಗೆ ತಾಲ್ಲೂಕಿನ ಸುದ್ದಿಯಾಗಿದ್ದದ್ದು ರಾತ್ರೋರಾತ್ರಿ ರಾಜ್ಯದ ಸುದ್ದಿಯಾಯಿತು. ಧರಣಿ ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಬಂತು. ನಟ ಪ್ರಕಾಶ್ ರಾಜ್ ಕೂಡ ಜೊತೆಗೆ ನಿಂತರು. ಜುಲೈ 4ರ ಸಭೆಯಲ್ಲಿ ಮುಖ್ಯಮಂತ್ರಿ ಹತ್ತು ದಿನ ಸಮಯ ಕೇಳಿದರು. ಜುಲೈ 15ಕ್ಕೆ, ಅಂದರೆ ಧರಣಿಯ 1,198ನೇ ದಿನ, ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂದರು.

ಅದೇ ದಿನ ಪಕ್ಕದ ಆಂಧ್ರದ ಸಚಿವರೊಬ್ಬರು ‘ನಮ್ಮಲ್ಲಿ 8,000 ಎಕರೆ ಇದೆ, ಬನ್ನಿ’ ಅಂತ ಕಂಪನಿಗಳನ್ನು ಕರೆದರು. ಕೈಗಾರಿಕೆ ಹೋಯ್ತು ಅಂತ ಇಲ್ಲೂ ಕೆಲವರು ಗೊಣಗಿದರು, ಯಾರ ಜಮೀನಲ್ಲಿ ಕೈಗಾರಿಕೆ ಅನ್ನೋದು ಮಾತ್ರ ಆ ಗೊಣಗಾಟದಲ್ಲಿ ಇರಲಿಲ್ಲ.

ಇನ್ನು ಗೊಂದಲದ ವಿಷಯ. ಸ್ವಇಚ್ಛೆಯಿಂದ ಕೊಡುವವರ ಜಮೀನು ಹೆಚ್ಚಿನ ಪರಿಹಾರ ಕೊಟ್ಟು ತಗೋತೀವಿ ಅಂತಲೂ ಸರ್ಕಾರ ಅದೇ ಘೋಷಣೆಯಲ್ಲಿ ಹೇಳಿದೆ. ಮಾರೋಕೆ ತಯಾರಿರುವವರೂ ಆ ಹಳ್ಳಿಗಳಲ್ಲಿ ಇದ್ದಾರೆ, ಅವರ ಲೆಕ್ಕಾಚಾರ ಅವರದು. ಆದರೆ ಅಲ್ಲಲ್ಲಿ ತುಂಡು ತುಂಡಾಗಿ ಮಾರಿದರೆ ನಡುವಿನ ತೋಟಕ್ಕೆ ದಾರಿ, ನೀರು ಎಲ್ಲಿಂದ?