ರಂಧ್ರ ಎಷ್ಟು ಶೇಕಡಾ? ಸೆರಾಮಿಕ್ ಲೇಪನದ ಪೇಟೆಂಟ್ ಜಗಳ

ಟರ್ಬೈನ್ ಅಲಗನ್ನು ಶಾಖದಿಂದ ಕಾಯುವ ಜಿರ್ಕೋನಿಯಾ ಎಂಬ ಸೆರಾಮಿಕ್ ಲೇಪನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೇಳಿದ್ದಾರೆ ಎನ್ನೋಣ. ಹಕ್ಕು ಕೇಳುವುದು ರಂಧ್ರಾಂಶ ಶೇ. 8ರಿಂದ 12 ಇರುವ ಲೇಪನಕ್ಕೆ. ಪೇಟೆಂಟ್ ಕಚೇರಿಯ ಪರೀಕ್ಷಕರ ಕೈಯಲ್ಲಿರುವ ಹಳೆಯ ಪೇಟೆಂಟಿನಲ್ಲಿ ಶೇ. 5ರಿಂದ 20 ಎಂದಿದೆ. ಹಳೆಯ ವ್ಯಾಪ್ತಿಯೊಳಗೇ ಹೊಸದು ಬಿದ್ದರೆ, ಕಸುಬು ಬಲ್ಲವರಿಗೆ ಅದು ಸಹಜವಾಗಿ ಹೊಳೆಯುವಂಥದ್ದು ಎಂದು ಮೇಲ್ನೋಟಕ್ಕೆ ಹಿಡಿಯುತ್ತಾರೆ. ಸಹಜವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ ಎನ್ನುವ ಅಮೆರಿಕದ ಪೇಟೆಂಟ್ ಕಾನೂನಿನ ಸೆಕ್ಷನ್ 103ರಡಿ ಅರ್ಜಿ ತಿರಸ್ಕೃತ.

ಪರೀಕ್ಷಕರ ವಾದ ಪೊಳ್ಳಲ್ಲ. ಈ ಲೇಪನವನ್ನು ಹಚ್ಚುವುದು ಗನ್ನಿನಿಂದ, ಪ್ಲಾಸ್ಮಾದಲ್ಲಿ, ಅಂದರೆ ಅತಿ ಬಿಸಿಯಾದ ಅನಿಲದಲ್ಲಿ, ಪುಡಿಯನ್ನು ಕರಗಿಸಿ ಸಿಂಪಡಿಸಿ. ಪ್ಲಾಸ್ಮಾದ ಉಷ್ಣತೆ 10,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಜಿರ್ಕೋನಿಯಾ ಕರಗುವುದು ಸುಮಾರು 2,700ರಲ್ಲಿ. ಕರಗಿದ ಹನಿ ಲೋಹಕ್ಕೆ ಬಡಿದು ಚಪ್ಪಟೆಯಾಗಿ, ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ. ಈ ಪದರಗಳ ನಡುವೆ ಉಳಿದ ಸಂದು, ಅರೆಗರಗಿದ ಕಣಗಳ ಸುತ್ತಲಿನ ಖಾಲಿ ಜಾಗ, ಇವೇ ರಂಧ್ರಗಳು. ಲೋಹದಿಂದ ಗನ್ನಿನ ದೂರವನ್ನು 100 ಮಿ.ಮೀ.ನಿಂದ 130ಕ್ಕೆ ಹೆಚ್ಚಿಸಿದರೆ ಹನಿ ತಣಿದು ರಂಧ್ರ ಹೆಚ್ಚುತ್ತದೆ. ಪ್ಲಾಸ್ಮಾ ಅನಿಲದಲ್ಲಿ ಹೈಡ್ರೋಜನ್ ಏರಿಸಿದರೆ ಸಾಮಾನ್ಯವಾಗಿ ಲೇಪನ ಬಿಗಿಯಾಗುತ್ತದೆ. ಇದು ಸ್ಪ್ರೇ ಮಾಡುವವರಿಗೆಲ್ಲ ಗೊತ್ತು. ಗೊತ್ತಿರುವ ತಿರುಪನ್ನು ತಿರುಗಿಸಿ ಒಳ್ಳೆಯ ಅಂಕಿ ಹುಡುಕಿದ್ದಕ್ಕೆ ಪೇಟೆಂಟ್ ಯಾಕೆ ಕೊಡಬೇಕು?

ಆದರೆ ಆ ಅಂಕಿಯನ್ನು ಅಳೆದದ್ದು ಹೇಗೆ ಎಂಬುದನ್ನೂ ಕೇಳಲೇಬೇಕು. ಲೇಪನವನ್ನು ಕತ್ತರಿಸಿ ಉಜ್ಜುವಾಗ ಪೆಡಸು ಚೂರುಗಳು ಕಿತ್ತುಬರುತ್ತವೆ. ಸೂಕ್ಷ್ಮದರ್ಶಕದಡಿ ಆ ಗುಳಿಗಳೂ ರಂಧ್ರಗಳಂತೆಯೇ ಕಪ್ಪಗೆ ಕಾಣುತ್ತವೆ. ಮೊದಲು ನಿರ್ವಾತದಲ್ಲಿ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿಸದಿದ್ದರೆ ಶೇ. 9 ಇರುವ ಲೇಪನ 14 ಎಂದು ಓದಿಸಿಕೊಳ್ಳಬಹುದು. ಪಾದರಸ ತುಂಬಿ ಅಳೆದರೆ ಇನ್ನೊಂದು ಅಂಕಿ, ಏಕೆಂದರೆ ಮುಚ್ಚಿದ ರಂಧ್ರಕ್ಕೆ ಪಾದರಸ ಇಳಿಯುವುದಿಲ್ಲ. ಅಳತೆಯ ವಿಧಾನ ಬರೆಯದ ಅರ್ಜಿ ಅಲ್ಲೇ ಅರ್ಧ ಸೋತಂತೆ.

ಪರೀಕ್ಷಕರಿಗೆ ನಿಜವಾದ ಉತ್ತರ ಅನಿರೀಕ್ಷಿತ ಫಲಿತಾಂಶ. ಜಿರ್ಕೋನಿಯಾಕ್ಕೆ ಬೆರೆಸುವ ಯಿಟ್ರಿಯಾ ಎಂಬ ಆಕ್ಸೈಡಿನ ಪ್ರಮಾಣವನ್ನೇ ನೋಡಿ. ಜಿರ್ಕೋನಿಯಾವನ್ನು ಪೂರ್ತಿ ಸ್ಥಿರಗೊಳಿಸಲು ಶೇ. 12ರಿಂದ 20ರಷ್ಟು ಬೆರೆಸುತ್ತಿದ್ದ ಕಾಲದಲ್ಲಿ, 1970ರ ದಶಕದ ಕೊನೆಗೆ, ನಾಸಾದ ಸ್ಟೀಫನ್ ಸ್ಟೆಕುರಾ ಶೇ. 6ರಿಂದ 8ರಲ್ಲೇ, ಅಂದರೆ ಅರೆಸ್ಥಿರ ಸ್ಥಿತಿಯಲ್ಲೇ, ಲೇಪನ ಅತಿ ಹೆಚ್ಚು ಬಿಸಿ-ತಂಪಿನ ಸುತ್ತು ತಾಳುತ್ತದೆಂದು ತೋರಿಸಿದರು. ಅಂದಿನ ತಿಳಿವಳಿಕೆ ಕೈ ತೋರಿದ್ದು ಎದುರು ದಿಕ್ಕಿಗೆ. ನನ್ನ ಪ್ರಕಾರ ಇಂಥದ್ದನ್ನು ಬರೀ ತಿರುಪು ತಿರುಗಿಸಿದ್ದು ಎನ್ನಲಾಗದು.

ಹಾಗೆ ವಾದಿಸಬೇಕಾದರೆ ಒಂದೇ ಪುಡಿ, ಒಂದೇ ಗನ್, ಒಂದೇ ದಪ್ಪದಲ್ಲಿ ರಂಧ್ರಾಂಶ ಶೇ. 6, 8, 10, 12, 14 ಇರುವ ತುಂಡುಗಳನ್ನು ತಯಾರಿಸಿ, ಕುಲುಮೆಯಲ್ಲಿ ಸುತ್ತು ಎಣಿಸಬೇಕು. ಹಳೆಯ ಪೇಟೆಂಟಿನ ಅತಿ ಹತ್ತಿರದ ಉದಾಹರಣೆಯೂ ಪಕ್ಕದಲ್ಲಿರಬೇಕು. ನಡುವಿನ ಒಂದು ಬಿಂದು ಸಾಲದು. 2003ರ ಪೀಟರ್ಸನ್ ಪ್ರಕರಣದಲ್ಲಿ ನಿಕಲ್ ಮಿಶ್ರಲೋಹಕ್ಕೆ ಶೇ. 1ರಿಂದ 3 ರೀನಿಯಂ ಎಂಬ ಲೋಹ ಎಂದು ಹಕ್ಕು ಕೇಳಿದ್ದರು, ಶೇ. 2ರಲ್ಲಿ ಸಿಕ್ಕ ಫಲ ಇಡೀ ವ್ಯಾಪ್ತಿಗೆ ಸಾಕ್ಷ್ಯವಾಗದು ಎಂದಿತು ಕೋರ್ಟು.